ಪಂದ್ಯವೇ ಇಲ್ಲದ ದಿನ ಫುಟಿ ಅಭಿಮಾನಿ ನೋಡೋದೇನು?

ಪಂದ್ಯ ನೋಡೋಕೆ ಜನ ಹೋಗ್ತಾರೆ, ಅದು ಸರಿ. ಪ್ರಾಕ್ಟೀಸ್ ನೋಡೋಕೆ ಯಾರಾದ್ರೂ ಆಫೀಸಿಗೆ ರಜೆ ಹಾಕಿ ಹೋಗ್ತಾರಾ? ಮೆಲ್ಬರ್ನ್‌ನಲ್ಲಿ ಹೋಗ್ತಾರೆ. ಡಿಸೆಂಬರ್, ಜನವರಿಯ ಬಿಸಿಲಲ್ಲಿ ಟೋಪಿ ಹಾಕಿಕೊಂಡು, ಕೈಯಲ್ಲಿ ಕಾಫಿ ಹಿಡಿದು, ಮೈದಾನದ ಬೇಲಿಗೆ ಒರಗಿ ಎರಡೆರಡು ಗಂಟೆ ನಿಲ್ಲುತ್ತಾರೆ. ಸ್ಕೋರ್ ಬೋರ್ಡ್ ಇಲ್ಲ, ಕಾಮೆಂಟರಿ ಇಲ್ಲ, ಎದುರಾಳಿ ತಂಡವೂ ಇಲ್ಲ. ಸುಮಾರು ನಲವತ್ತು ಹುಡುಗರು ಓಡ್ತಾರೆ, ಒದೀತಾರೆ, ನೀರು ಕುಡೀತಾರೆ, ಮತ್ತೆ ಓಡ್ತಾರೆ. ಅಷ್ಟೇ.

ಈ ಕಾಲೇಜಿನಿಂದ ಹೊರಟು ಮೆಲ್ಬರ್ನ್ ಸೇರಿದ ನಾವು ಕೆಲವರು ಆ ಬೇಲಿಯ ಪಕ್ಕ ನಿಂತು ನೋಡುವುದನ್ನು ಅಭ್ಯಾಸ ಮಾಡಿಕೊಂಡಿದ್ದೇವೆ. ಸಂಘದ ಪತ್ರಿಕೆಗೆ ಏನಾದ್ರೂ ಬರೀರಿ ಅಂದಾಗ ನಮಗೆ ಹೊಳೆದದ್ದು ಇದೇ. ಹೊರಗಿನಿಂದ ಬರೀ ಓಟದಂತೆ ಕಾಣುವ ಈ ತರಬೇತಿಯಲ್ಲಿ ನಿಜಕ್ಕೂ ಏನು ನಡೆಯುತ್ತೆ, ಅದರಲ್ಲಿ ಎಷ್ಟನ್ನು ನಂಬಬಹುದು, ಯಾರ ಬದುಕು ಅದರ ಮೇಲೆ ನಿಂತಿರುತ್ತೆ ಅನ್ನುವುದನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಆಟದ ಪರಿಚಯ

ನಾವು ಹೇಳ್ತಿರೋದು ಮೆಸ್ಸಿ, ರೊನಾಲ್ಡೊ ಆಡುವ ಫುಟ್‌ಬಾಲ್ ಅಲ್ಲ. ರಗ್ಬಿಯೂ ಅಲ್ಲ. ಇದು ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಅಲ್ಲಿನವರ ಬಾಯಲ್ಲಿ ಬರೀ ‘ಫುಟಿ’. ಮೈದಾನ ಅಂಡಾಕಾರ, ಉದ್ದ 135ರಿಂದ 185 ಮೀಟರ್. ಒಂದೊಂದು ತಂಡದಿಂದ ಮೈದಾನದಲ್ಲಿ 18 ಆಟಗಾರರು. ಚೆಂಡೂ ಅಂಡಾಕಾರದ್ದೇ. ಅದನ್ನು ಕೈಯಲ್ಲಿ ಹಿಡಿಯಬಹುದು, ಹಿಡಿದುಕೊಂಡು ಓಡಬಹುದು. ಆದರೆ ಎಸೆಯುವ ಹಾಗಿಲ್ಲ. ಜೊತೆಗಾರನಿಗೆ ಕೊಡಬೇಕಾದರೆ ಒಂದೋ ಒದೆಯಬೇಕು, ಇಲ್ಲವೇ ಒಂದು ಅಂಗೈ ಮೇಲೆ ಇಟ್ಟುಕೊಂಡು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಬೇಕು. ಗುದ್ದುವುದಕ್ಕೆ ‘ಹ್ಯಾಂಡ್‌ಬಾಲ್’ ಅಂತಾರೆ. ಯಾರಾದರೂ 15 ಮೀಟರಿಗಿಂತ ದೂರ ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿದರೆ ಅದು ‘ಮಾರ್ಕ್’. ಹಿಡಿದವನಿಗೆ ಯಾರ ಅಡ್ಡಿಯೂ ಇಲ್ಲದೆ ಒದೆಯುವ ಅವಕಾಶ ಸಿಗುತ್ತೆ.

ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬಗಳು. ಪಕ್ಕಪಕ್ಕದ ಕಂಬಗಳ ನಡುವೆ 6.4 ಮೀಟರ್ ಅಂತರ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲ್, 6 ಅಂಕ. ಪಕ್ಕದ ಗಿಡ್ಡ ಕಂಬದ ಕಡೆ ಹೋದರೆ ‘ಬಿಹೈಂಡ್’, 1 ಅಂಕ. ಹತ್ತಿರ ಬಂದು ತಪ್ಪಿದ್ದಕ್ಕೂ ಸಮಾಧಾನದ ಒಂದು ಅಂಕ ಕೊಡುವ ಆಟ ಇದು. ಆ ಒಂದೊಂದು ಅಂಕವನ್ನು ಸಣ್ಣದು ಅಂತ ತಳ್ಳಿಹಾಕಬೇಡಿ. 2023ರ ಗ್ರ್ಯಾಂಡ್ ಫೈನಲ್‌ನಲ್ಲಿ ಬ್ರಿಸ್ಬೇನ್ 13 ಗೋಲ್, 8 ಬಿಹೈಂಡ್ ಹೊಡೆಯಿತು, ಅಂದರೆ 86. ಕಾಲಿಂಗ್‌ವುಡ್ 12 ಗೋಲ್, 18 ಬಿಹೈಂಡ್, ಒಟ್ಟು 90. ಒಂದು ಗೋಲ್ ಕಡಿಮೆ ಹೊಡೆದ ತಂಡವೇ ಕಪ್ ಎತ್ತಿತು.

ನಾಲ್ಕು ಕ್ವಾರ್ಟರ್, ಒಂದೊಂದೂ 20 ನಿಮಿಷ, ಮೇಲೆ ಚೆಂಡು ಆಟದಲ್ಲಿಲ್ಲದ ಹೊತ್ತನ್ನೂ ಸೇರಿಸ್ತಾರೆ. ಒಬ್ಬ ಆಟಗಾರ ಒಂದು ಪಂದ್ಯದಲ್ಲಿ 12ರಿಂದ 15 ಕಿಲೋಮೀಟರ್ ಓಡುವುದು ಮಾಮೂಲು. ಸುಸ್ತಾದರೆ ಹೊರಗೆ ಬಂದು ಕೂತು ಮತ್ತೆ ಒಳಗೆ ಹೋಗಬಹುದು. ಆದರೆ ಅದಕ್ಕೂ ಮಿತಿ ಇದೆ: 2021ರ ಸೀಸನ್ನಿನಿಂದ ಒಂದು ತಂಡ ಒಂದು ಪಂದ್ಯದಲ್ಲಿ 75 ಸಲ ಮಾತ್ರ ಹೀಗೆ ಬದಲಾಯಿಸಬಹುದು. ಮೊದಲು ಅದು 90 ಇತ್ತು. ಮಿತಿ ಇಳಿದಷ್ಟೂ ದಮ್ಮು ಹೆಚ್ಚು ಬೇಕು. ಬೇಸಿಗೆಯ ಓಟಕ್ಕೆ ಇಷ್ಟು ಮಹತ್ವ ಬಂದಿರೋದಕ್ಕೆ ಇದೂ ಒಂದು ಕಾರಣ.

ತರಬೇತಿಗಾಗಿಯೇ ಹುಟ್ಟಿದ ಆಟ

ಇದರ ಇತಿಹಾಸದಲ್ಲಿ ಒಂದು ತಮಾಷೆ ಇದೆ. ಈ ಆಟ ಶುರುವಾದದ್ದೇ ಇನ್ನೊಂದು ಆಟದ ತರಬೇತಿಗಾಗಿ. 1858ರ ಜುಲೈನಲ್ಲಿ ಟಾಮ್ ವಿಲ್ಸ್ ಎಂಬ ಹೆಸರಾಂತ ಕ್ರಿಕೆಟಿಗ ಮೆಲ್ಬರ್ನ್‌ನ ಕ್ರೀಡಾಪತ್ರಿಕೆಯೊಂದಕ್ಕೆ ಪತ್ರ ಬರೆದ. ಚಳಿಗಾಲದಲ್ಲಿ ಕ್ರಿಕೆಟಿಗರು ಸುಮ್ಮನೆ ಕೂತು ಮೈ ಬೆಳೆಸಿಕೊಳ್ಳೋದು ಬೇಡ, ಒಂದು ಫುಟ್‌ಬಾಲ್ ಕ್ಲಬ್ ಕಟ್ಟೋಣ ಅನ್ನೋದು ಅದರ ತಾತ್ಪರ್ಯ. ಅದೇ ವರ್ಷ ಮೆಲ್ಬರ್ನ್ ಫುಟ್‌ಬಾಲ್ ಕ್ಲಬ್ ಹುಟ್ಟಿತು. 1859ರ ಮೇ 17ರಂದು ವಿಲ್ಸ್ ಮತ್ತು ಜೊತೆಯವರು ಸೇರಿ ನಿಯಮಗಳನ್ನು ಬರೆದಿಟ್ಟರು. ಅಲ್ಲಿನ ಮೂಲನಿವಾಸಿಗಳು ಆಡುತ್ತಿದ್ದ ‘ಮಾರ್ನ್‌ಗ್ರೂಕ್’ ಎಂಬ ಚೆಂಡಾಟದ ಪ್ರಭಾವ ಇದರ ಮೇಲೆ ಎಷ್ಟಿತ್ತು ಅನ್ನುವುದರ ಬಗ್ಗೆ ಇತಿಹಾಸಕಾರರಲ್ಲಿ ಇವತ್ತಿಗೂ ಚರ್ಚೆ ನಡೆದೇ ಇದೆ.

ಮೈದಾನ ಅಂಡಾಕಾರ ಯಾಕೆ ಅಂತ ಕೇಳಿದರೆ ಉತ್ತರ ಕ್ರಿಕೆಟ್ಟೇ. ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್, ಅಂದರೆ ನಮ್ಮ ಎಂ.ಸಿ.ಜಿ., ಚಳಿಗಾಲದಲ್ಲಿ ಫುಟಿಯದ್ದು, ಬೇಸಿಗೆಯಲ್ಲಿ ಕ್ರಿಕೆಟ್‌ನದ್ದು. ಕನ್ನಡಿಗರಿಗೆ ಆ ಮೈದಾನದ ಗುರುತು ಚೆನ್ನಾಗೇ ಇದೆ. ಕೆ.ಎಲ್. ರಾಹುಲ್ 2014ರಲ್ಲಿ, ಮಯಾಂಕ್ ಅಗರ್ವಾಲ್ 2018ರಲ್ಲಿ, ಇಬ್ಬರೂ ಟೆಸ್ಟ್‌ಗೆ ಕಾಲಿಟ್ಟದ್ದು ಅಲ್ಲಿನ ಬಾಕ್ಸಿಂಗ್ ಡೇ ಪಂದ್ಯದಲ್ಲೇ. ನಾವು ಬೆಳಗಿನ ಜಾವ ಎದ್ದು ಟಿ.ವಿ. ಮುಂದೆ ಕೂರುವ ಆ ದಿನಗಳಲ್ಲಿ ಫುಟಿ ಆಟಗಾರರು ಕ್ರಿಸ್ಮಸ್ ರಜೆಯಲ್ಲಿರ್ತಾರೆ. ರಜೆ ಅಂದರೂ ಕೋಚ್ ಕೊಟ್ಟ ಓಟದ ಪಟ್ಟಿ ಕೈಯಲ್ಲೇ ಇರುತ್ತೆ!

ದೊಡ್ಡ ಮೈದಾನ ಕ್ರಿಕೆಟ್‌ನ ಕೈಯಲ್ಲಿರುವುದರಿಂದ ತರಬೇತಿ ನಡೆಯುವುದು ಕ್ಲಬ್‌ಗಳ ಸ್ವಂತ ಅಂಗಳಗಳಲ್ಲಿ. ರಿಚ್‌ಮಂಡ್ ತಂಡದ್ದು ಎಂ.ಸಿ.ಜಿ. ಪಕ್ಕದ ಪಂಟ್ ರೋಡ್ ಓವಲ್, ವೆಸ್ಟರ್ನ್ ಬುಲ್‌ಡಾಗ್ಸ್‌ನದ್ದು ಫುಟ್‌ಸ್ಕ್ರೇಯ ವಿಟನ್ ಓವಲ್. ಕಾಲಿಂಗ್‌ವುಡ್‌ನದ್ದು ಒಲಿಂಪಿಕ್ ಪಾರ್ಕ್ ಓವಲ್, ಆಸ್ಟ್ರೇಲಿಯನ್ ಓಪನ್ ಟೆನಿಸ್ ನಡೆಯುವ ಅಂಗಳಗಳ ನೆರೆಯಲ್ಲೇ. ಅಲ್ಲಿ ಮೊದಲು ಅಥ್ಲೆಟಿಕ್ಸ್ ಸ್ಟೇಡಿಯಂ ಇತ್ತು. 1956ರಲ್ಲಿ ಒಂದು ಮೈಲಿ ಓಟದ ನಡುವೆ ರಾನ್ ಕ್ಲಾರ್ಕ್ ಬಿದ್ದಾಗ, ಜಾನ್ ಲ್ಯಾಂಡಿ ತನ್ನ ಓಟ ನಿಲ್ಲಿಸಿ, ಅವನನ್ನು ವಿಚಾರಿಸಿಕೊಂಡು, ಮತ್ತೆ ಓಡಿ ಗೆದ್ದದ್ದು ಅಲ್ಲೇ.

ಬೇಸಿಗೆಯ ವೇಳಾಪಟ್ಟಿ

ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್‌ನ ಸೀಸನ್ ಮಾರ್ಚ್‌ನಲ್ಲಿ ಶುರುವಾಗಿ ಸೆಪ್ಟೆಂಬರ್ ಕೊನೆಯ ಗ್ರ್ಯಾಂಡ್ ಫೈನಲ್‌ಗೆ ಮುಗಿಯುತ್ತೆ. ಅಲ್ಲಿಂದ ಆರೇಳು ವಾರ ಬಿಡುವು. ನವೆಂಬರ್ ಮಧ್ಯದ ಹೊತ್ತಿಗೆ ಮೊದಲ ನಾಲ್ಕು ವರ್ಷದೊಳಗಿನ ಎಳೆಯ ಆಟಗಾರರು ವಾಪಸ್ ಬರ್ತಾರೆ. ನವೆಂಬರ್ ಕೊನೆಯಲ್ಲಿ ಡ್ರಾಫ್ಟ್. ಶಾಲೆ ಮುಗಿಸಿದ ಹದಿನೆಂಟರ ಹುಡುಗರನ್ನು 18 ಕ್ಲಬ್‌ಗಳು ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ. ಪರ್ತ್‌ನ ಹುಡುಗ ವಾರದೊಳಗೆ ಗಂಟುಮೂಟೆ ಕಟ್ಟಿ ಮೆಲ್ಬರ್ನ್‌ಗೆ ಬರಬೇಕಾಗಬಹುದು. ಯಾವ ಊರು, ಯಾವ ಕ್ಲಬ್ ಅನ್ನೋದು ಅವನ ಕೈಯಲ್ಲಿ ಇರೋದಿಲ್ಲ. ಡಿಸೆಂಬರ್‌ನಲ್ಲಿ ಹಿರಿಯರೂ ಸೇರ್ತಾರೆ. ಕ್ರಿಸ್ಮಸ್ ರಜೆ ಕಳೆದು ಜನವರಿಯಲ್ಲಿ ಕೆಲಸ ಜೋರಾಗುತ್ತೆ. ಫೆಬ್ರವರಿಯಲ್ಲಿ ತಮ್ಮತಮ್ಮಲ್ಲೇ ಎರಡು ತಂಡ ಮಾಡಿಕೊಂಡು ಆಡುವ ಪಂದ್ಯ, ಆಮೇಲೆ ಬೇರೆ ಕ್ಲಬ್ ಜೊತೆ ಅಭ್ಯಾಸ ಪಂದ್ಯ, ಆಮೇಲೆ ನಿಜವಾದದ್ದು.

ಮಹಿಳೆಯರ ಲೀಗ್ 2017ರಲ್ಲಿ ಶುರುವಾಯಿತು. ಅದರ ಸೀಸನ್ ಈಗ ಆಗಸ್ಟ್‌ನಿಂದ ನವೆಂಬರ್‌ವರೆಗೆ ಇರೋದರಿಂದ ಅವರ ಪ್ರಿ-ಸೀಸನ್ ಚಳಿಗಾಲದಲ್ಲಿ ನಡೆಯುತ್ತೆ. ಬಿಸಿಲು ಆಗದವರು ಅದನ್ನೂ ನೋಡಬಹುದು.

ಎರಡು ಕಿಲೋಮೀಟರ್ ಓಟ

ಬೇಲಿ ಬಳಿ ನಿಂತವರು ಮೊದಲು ಕಾಯುವುದು ಇದಕ್ಕೆ. ವಾಪಸ್ ಬಂದ ಆಟಗಾರರಿಗೆ ಮೊದಲ ದಿನಗಳಲ್ಲೇ ಎರಡು ಕಿಲೋಮೀಟರ್ ಓಟದ ಪರೀಕ್ಷೆ ಇರುತ್ತೆ. ಒಳ್ಳೆಯ ಓಟಗಾರರು ಆರು ನಿಮಿಷದ ಆಸುಪಾಸಿನಲ್ಲಿ ಮುಗಿಸ್ತಾರೆ. ಲೆಕ್ಕ ಹಾಕಿ ನೋಡಿ: 6 ನಿಮಿಷ 20 ಸೆಕೆಂಡ್ ಅಂದರೆ 380 ಸೆಕೆಂಡ್. ಸೆಕೆಂಡಿಗೆ ಸುಮಾರು 5.26 ಮೀಟರ್, ಗಂಟೆಗೆ ಸುಮಾರು 19 ಕಿಲೋಮೀಟರ್. 400 ಮೀಟರಿನ ಟ್ರ್ಯಾಕಿನ ಒಂದು ಸುತ್ತನ್ನು 76 ಸೆಕೆಂಡಿನಲ್ಲಿ ಓಡಿ, ಅದನ್ನೇ ನಿಲ್ಲದೆ ಐದು ಸಲ ಮಾಡಬೇಕು. ನಮ್ಮ ಕಾಲೇಜ್ ಗ್ರೌಂಡಿನಲ್ಲಿ ಒಂದು ಸುತ್ತು ಪ್ರಯತ್ನಿಸಿ ನೋಡಿ, ಆಮೇಲೆ ಅವರ ಮೇಲೆ ಗೌರವ ತಾನಾಗೇ ಬರುತ್ತೆ. ಇನ್ನೊಂದು ಮಾತು: ಇವರು ಮ್ಯಾರಥಾನ್ ಓಟಗಾರರಂತೆ ಸಣಕಲು ಅಲ್ಲ. ಎಂಬತ್ತು, ತೊಂಬತ್ತು ಕೆ.ಜಿ. ತೂಗುವ ದೇಹ ಅದು.

ಆದರೆ ಈ ಓಟ ಏನನ್ನು ಹೇಳುತ್ತೆ? ರಜೆಯಲ್ಲಿ ಯಾರು ಮೈ ಮುರಿದು ದುಡಿದಿದ್ದಾರೆ ಅನ್ನುವುದನ್ನು ಹೇಳುತ್ತೆ. ಯಾರು ಚೆನ್ನಾಗಿ ಆಡ್ತಾರೆ ಅನ್ನುವುದನ್ನು ಹೇಳೋದಿಲ್ಲ. ಫುಟಿಯ ಓಟ ಒಂದೇ ಸಮನೆ ಓಡುವುದಲ್ಲ. ನಿಂತಲ್ಲಿಂದ ಚಿಮ್ಮುವುದು, ತಿರುಗುವುದು, ನಿಲ್ಲುವುದು, ಬಿದ್ದು ಎದ್ದು ಮತ್ತೆ ಚಿಮ್ಮುವುದು. ಹಾಗಾಗಿ ಮೊದಲು ಬಂದವನ ಹೆಸರಿಗಿಂತ, ಹೋದ ವರ್ಷ ಕೊನೆಯಲ್ಲಿದ್ದು ಈ ವರ್ಷ ನಡುವಿಗೆ ಬಂದವನ ಹೆಸರನ್ನು ಬರೆದಿಟ್ಟುಕೊಳ್ಳೋದು ಜಾಣತನ.

ಬೆನ್ನ ಮೇಲಿನ ಪುಟ್ಟ ಡಬ್ಬಿ

ಆಟಗಾರರ ಅಂಗಿಯ ಹಿಂಭಾಗದಲ್ಲಿ, ಎರಡು ಭುಜದ ಮೂಳೆಗಳ ನಡುವೆ, ಒಂದು ಸಣ್ಣ ಉಬ್ಬು ಕಾಣುತ್ತೆ. ಒಳಗಿನ ಬಿಗಿ ಅಂಗಿಯ ಚೀಲದಲ್ಲಿ ಬೆಂಕಿಪೊಟ್ಟಣದಂಥ ಒಂದು ಉಪಕರಣ ಇರುತ್ತೆ. ಅದರಲ್ಲಿ ಜಿ.ಪಿ.ಎಸ್. ರಿಸೀವರ್, ಆಕ್ಸಿಲರೋಮೀಟರ್, ಗೈರೋಸ್ಕೋಪ್ ಎಲ್ಲ ಇವೆ. ಇಂಥವನ್ನು ಜಗತ್ತಿಗೆಲ್ಲ ಮಾರುವ ಕ್ಯಾಟಪಲ್ಟ್ ಕಂಪನಿ 2006ರಲ್ಲಿ ಹುಟ್ಟಿದ್ದೂ ಮೆಲ್ಬರ್ನ್‌ನಲ್ಲೇ.

ಇಂಥ ಜಿ.ಪಿ.ಎಸ್. ಸಾಮಾನ್ಯವಾಗಿ 10 ಹರ್ಟ್ಜ್, ಅಂದರೆ ಸೆಕೆಂಡಿಗೆ ಹತ್ತು ಸಲ ಜಾಗ ಗುರುತಿಸುತ್ತೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಓಡುವವನು ಸೆಕೆಂಡಿಗೆ 8.3 ಮೀಟರ್ ಹೋಗ್ತಾನೆ. ಎರಡು ಓದಿನ ನಡುವೆ ಸುಮಾರು 83 ಸೆಂಟಿಮೀಟರ್ ಜಾರಿಹೋಗಿರುತ್ತೆ. ನೇರ ಓಟಕ್ಕೆ ಇದು ಸಾಕು. ಗಕ್ಕನೆ ತಿರುಗುವುದು, ಢಿಕ್ಕಿ ಹೊಡೆಯುವುದು ಇವನ್ನೆಲ್ಲ ಹಿಡಿಯೋಕೆ ಅದಕ್ಕಿಂತ ಬೇಗ ಓದುವ ಆಕ್ಸಿಲರೋಮೀಟರ್ ಬೇಕು. ಸ್ಯಾಂಪ್ಲಿಂಗ್ ಥಿಯರಂ ಯಾಕೆ ಓದಬೇಕು ಅಂತ ಕೇಳುವ ಜೂನಿಯರ್‌ಗಳಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ನಮಗೆ ಸಿಕ್ಕಿಲ್ಲ.

ಈ ಅಂಕಿಗಳನ್ನು ಇಟ್ಟುಕೊಂಡು ಏನು ಮಾಡ್ತಾರೆ? ಮುಖ್ಯವಾಗಿ ಹೊರೆಯ ಲೆಕ್ಕ. ಇದರ ಅತಿ ಸರಳ ರೂಪಕ್ಕೆ ಯಾವ ಯಂತ್ರವೂ ಬೇಡ. ತರಬೇತಿ ಮುಗಿದ ಮೇಲೆ ಆಟಗಾರನನ್ನು ಕೇಳ್ತಾರೆ: ಎಷ್ಟು ಕಷ್ಟ ಆಯ್ತು, ಹತ್ತಕ್ಕೆ ಎಷ್ಟು ಕೊಡ್ತೀಯ? ಆ ಅಂಕವನ್ನು ನಿಮಿಷಗಳಿಂದ ಗುಣಿಸ್ತಾರೆ. 90 ನಿಮಿಷಕ್ಕೆ 7 ಅಂದರೆ ಹೊರೆ 630. ವಾರದ್ದೆಲ್ಲ ಕೂಡಿದರೆ ವಾರದ ಹೊರೆ.

ಈಗ ಒಬ್ಬ ಆಟಗಾರನ ನಾಲ್ಕು ವಾರದ ಹೊರೆ 1500, 1700, 1800, 2000 ಅಂತಿಟ್ಟುಕೊಳ್ಳಿ. ಸರಾಸರಿ 1750. ಈ ವಾರದ 2000ವನ್ನು ಅದರಿಂದ ಭಾಗಿಸಿದರೆ 1.14. ಇನ್ನೊಬ್ಬ ರಜೆಯಲ್ಲಿ ಆರಾಮಾಗಿದ್ದ; ಅವನದ್ದು 400, 300, 300, ಈಗ ಏಕಾಏಕಿ 2000. ಸರಾಸರಿ 750, ಅನುಪಾತ 2.67. ಇಬ್ಬರೂ ಈ ವಾರ ಮಾಡಿದ ಕೆಲಸ ಒಂದೇ. ಆದರೆ ಎರಡನೆಯವನ ತೊಡೆಯ ಸ್ನಾಯು ಎಳೆದುಕೊಳ್ಳುವ ಭಯ ಹೆಚ್ಚು ಅನ್ನುವುದು ಈ ಲೆಕ್ಕದ ಹಿಂದಿನ ವಿಚಾರ. ಟಿಮ್ ಗ್ಯಾಬೆಟ್ ಎಂಬ ಆಸ್ಟ್ರೇಲಿಯಾದ ವಿಜ್ಞಾನಿ ಇದನ್ನು ಜನಪ್ರಿಯ ಮಾಡಿದರು. ಟೀಕೆಯೂ ಬಂತು. ಈ ವಾರದ ಸಂಖ್ಯೆ ಮೇಲೂ ಇದೆ, ಕೆಳಗಿನ ಸರಾಸರಿಯಲ್ಲೂ ಇದೆ, ಹಾಗಾಗಿ ಎಷ್ಟೇ ಹೆಚ್ಚು ಮಾಡಿದರೂ ಅನುಪಾತ 4 ದಾಟೋದೇ ಇಲ್ಲ. ಇಂಥ ಒಂದೇ ಸಂಖ್ಯೆ ನೋಡಿ ಗಾಯವಾಗುತ್ತೆ ಅಂತ ಭವಿಷ್ಯ ಹೇಳೋಕಾಗಲ್ಲ ಅಂತ ಬೇರೆ ಸಂಶೋಧಕರು ವಾದಿಸಿದರು. ವಾದ ಏನೇ ಇರಲಿ, ಹೊರೆಯನ್ನು ಮೆಲ್ಲಗೆ ಏರಿಸಬೇಕು ಅನ್ನುವುದರಲ್ಲಿ ಜಗಳವಿಲ್ಲ.

ಬೇಲಿ ಪಕ್ಕ ನಿಂತ ನಮಗೆ ಇದರಿಂದ ಆಗುವ ಉಪಯೋಗ ಒಂದಿದೆ. ದೊಡ್ಡ ಆಟಗಾರ ಅರ್ಧಕ್ಕೇ ಶೂ ಬಿಚ್ಚಿ ಕೂತರೆ ಗಾಬರಿಯಾಗಬೇಕಿಲ್ಲ. ಆವತ್ತಿನ ಅವನ ಲೆಕ್ಕ ಮುಗಿದಿರಬಹುದು, ಅಷ್ಟೇ.

ಒದೆತದ ಭೌತಶಾಸ್ತ್ರ

ಓಟ ಮುಗಿದ ಮೇಲೆ ಒದೆಯುವ ಅಭ್ಯಾಸ. ನಮ್ಮಂಥವರಿಗೆ ಇದೇ ಹಬ್ಬ. ಅಂಡಾಕಾರದ ಚೆಂಡು 40, 50 ಮೀಟರ್ ದೂರದಲ್ಲಿ ಓಡುತ್ತಿರುವವನ ಎದೆಗೇ ಹೋಗಿ ಬೀಳೋದು ಹೇಗೆ?

ಈಗ ಎಲ್ಲರೂ ಬಳಸುವ ಒದೆತಕ್ಕೆ ‘ಡ್ರಾಪ್ ಪಂಟ್’ ಅಂತಾರೆ. ಚೆಂಡನ್ನು ನೆಟ್ಟಗೆ, ತುದಿ ಕೆಳಗಾಗಿ ಹಿಡಿದು, ಕೈಬಿಟ್ಟು, ನೆಲ ಮುಟ್ಟುವ ಮೊದಲು ಕೆಳತುದಿಗೆ ಒದೀತಾರೆ. ಚೆಂಡು ತಲೆಕೆಳಗಾಗಿ ಹಿಮ್ಮುಖವಾಗಿ ಪಲ್ಟಿ ಹೊಡೆಯುತ್ತಾ ಹೋಗುತ್ತೆ. ತಿರುಗುವ ವಸ್ತು ತನ್ನ ಅಕ್ಷದ ದಿಕ್ಕನ್ನು ಸುಲಭಕ್ಕೆ ಬಿಟ್ಟುಕೊಡೋದಿಲ್ಲ. ಬುಗುರಿ ಬೀಳದೆ ನಿಲ್ಲುವುದೂ ಇದರಿಂದಲೇ. ಆದ್ದರಿಂದ ಚೆಂಡು ಅಕ್ಕಪಕ್ಕ ವಾಲದೆ ಗೆರೆ ಹಿಡಿದಂತೆ ಹೋಗುತ್ತೆ. ಹಿಡಿಯುವವನಿಗೂ ಅದು ಎಲ್ಲಿ ಬೀಳುತ್ತೆ ಅಂತ ಅಂದಾಜು ಸಿಗುತ್ತೆ.

ಇನ್ನೊಂದು ಒದೆತ ‘ಟಾರ್ಪಿಡೊ’. ಚೆಂಡನ್ನು ಓರೆಯಾಗಿಟ್ಟು ಒದ್ದರೆ ಅದು ಉದ್ದದ ಅಕ್ಷದ ಸುತ್ತ ತಿರುಗುತ್ತಾ, ಮೂಗು ಮುಂದೆ ಮಾಡಿಕೊಂಡು ಗಾಳಿ ಸೀಳುತ್ತೆ. ಗಾಳಿಯ ತಡೆ ಕಡಿಮೆ, ದೂರ ಹೆಚ್ಚು. ಆದರೆ ಕಾಲು ತಗುಲುವ ಜಾಗ ಚೂರು ತಪ್ಪಿದರೂ ಚೆಂಡು ಓಲಾಡಿ ಎಲ್ಲೋ ಹೋಗುತ್ತೆ. ದೂರ ಬೇಕಾ, ಗುರಿ ಬೇಕಾ ಅನ್ನೋ ಪ್ರಶ್ನೆ ಬಂದಾಗ ಆಟ ಗುರಿಯನ್ನು ಆರಿಸಿಕೊಂಡಿದೆ.

ತರಬೇತಿ ಮುಗಿದ ಮೇಲೂ ಕೆಲವರು ಉಳಿದು ಗೋಲಿಗೆ ಒದೀತಾ ಇರ್ತಾರೆ. ಮಾರ್ಕ್ ಹಿಡಿದವನಿಗೆ ಪಂದ್ಯದಲ್ಲಿ 30 ಸೆಕೆಂಡ್ ಸಮಯ ಸಿಗುತ್ತೆ. 40 ಮೀಟರ್ ದೂರದಿಂದ ನೇರ ಎದುರಿಗೆ ನಿಂತರೆ 6.4 ಮೀಟರಿನ ಗೋಲು ಕಣ್ಣಿಗೆ ಸುಮಾರು 9 ಡಿಗ್ರಿ ಅಗಲ ಕಾಣುತ್ತೆ. ಅಂದರೆ ನಡುಗೆರೆಯಿಂದ ಆಚೀಚೆ ನಾಲ್ಕೂವರೆ ಡಿಗ್ರಿ ಮಾತ್ರ ತಪ್ಪಬಹುದು. ಅದೇ ದೂರದಲ್ಲಿ 45 ಡಿಗ್ರಿ ಪಕ್ಕಕ್ಕೆ ಸರಿದರೆ ಗೋಲಿನ ಕಾಣುವ ಅಗಲ ನಾಲ್ಕೂವರೆ ಮೀಟರಿಗೆ ಇಳಿದು, ಕೋನ ಆರೂವರೆ ಡಿಗ್ರಿಯಷ್ಟಾಗುತ್ತೆ. ಇದಕ್ಕೆ ಸುಸ್ತು, ಗಾಳಿ, ಲಕ್ಷ ಜನರ ಕೂಗು ಸೇರಿಸಿ. ಬಿಸಿಲಲ್ಲಿ ಒಬ್ಬನೇ ನಿಂತು ಐವತ್ತು ಸಲ ಒದೆಯುವವನು ಯಾಕೆ ಮನೆಗೆ ಹೋಗ್ತಿಲ್ಲ ಅಂತ ಆಗ ಗೊತ್ತಾಗುತ್ತೆ.

ಮೈದಾನದ ಅಂಚಿನ ಗುಂಪು

ಎಲ್ಲರ ಕಣ್ಣು ಮಧ್ಯದ ಆಟದ ಮೇಲಿದ್ದರೆ, ಅನುಭವಿ ಅಭಿಮಾನಿಯ ಕಣ್ಣು ಅಂಚಿನಲ್ಲಿರುತ್ತೆ. ಅಲ್ಲಿ ಐದಾರು ಜನ ಬೇರೆಯಾಗಿ, ಒಬ್ಬ ಫಿಸಿಯೊ ಜೊತೆ, ನೇರ ಗೆರೆಯಲ್ಲಿ ಹೋಗಿ ಬರ್ತಿರ್ತಾರೆ. ಗಾಯದಿಂದ ಚೇತರಿಸಿಕೊಳ್ಳುತ್ತಿರುವವರು. ಇನ್ನು ಕೆಲವು ಕ್ಲಬ್‌ಗಳಲ್ಲಿ ಬೇರೆ ಬಣ್ಣದ ಟೋಪಿ ಹಾಕಿ ಆಡುವವರೂ ಇರ್ತಾರೆ. ಇವನಿಗೆ ಢಿಕ್ಕಿ ಹೊಡೀಬೇಡಿ ಅಂತ ಅದರ ಅರ್ಥ.

ಈ ಗುಂಪನ್ನು ಓದೋಕೆ ಒಂದು ಕ್ರಮ ಇದೆ. ಮೊದಲು ನಡಿಗೆ, ಆಮೇಲೆ ನೇರ ಓಟ, ಆಮೇಲೆ ವೇಗದ ಓಟ, ಆಮೇಲೆ ತಿರುವು, ಆಮೇಲೆ ಚೆಂಡಿನ ಜೊತೆ ಅಭ್ಯಾಸ, ಕೊನೆಗೆ ಮೈಗೆ ಮೈ ತಾಗುವ ಆಟ. ಮೊಣಕಾಲಿನ ಎ.ಸಿ.ಎಲ್. ಹರಿದರೆ ಈ ಮೆಟ್ಟಿಲುಗಳನ್ನು ಹತ್ತೋಕೆ ಸುಮಾರು ಒಂದು ವರ್ಷ ಬೇಕು. ಹೋದ ವಾರ ನೇರ ಓಡುತ್ತಿದ್ದವನು ಈ ವಾರ ತಿರುಗುತ್ತಿದ್ದಾನೆ ಅಂದರೆ ಅದು ನಿಜವಾದ ಸುದ್ದಿ. ತಲೆಗೆ ಪೆಟ್ಟು ಬಿದ್ದವರ ವಿಷಯದಲ್ಲಿ ಲೀಗ್ ಇನ್ನೂ ಬಿಗಿ: 2021ರಿಂದ ಕನಿಷ್ಠ 12 ದಿನ ಆಡುವಂತಿಲ್ಲ.

ಸಿಡ್ನಿ ಸ್ವಾನ್ಸ್ ತಂಡದ ಅಲೆಕ್ಸ್ ಜಾನ್ಸನ್ 2012ರಲ್ಲಿ ಕಪ್ ಗೆದ್ದ ತಂಡದಲ್ಲಿದ್ದವನು. ಆಮೇಲೆ ಮೊಣಕಾಲು ಹೋಯಿತು. ಐದು ಶಸ್ತ್ರಚಿಕಿತ್ಸೆ. ಸುಮಾರು ಆರು ವರ್ಷ ಕಳೆದು 2018ರ ಆಗಸ್ಟ್‌ನಲ್ಲಿ ಮತ್ತೆ ಮೈದಾನಕ್ಕಿಳಿದ. ಎರಡನೇ ಪಂದ್ಯದಲ್ಲೇ ಇನ್ನೊಂದು ಮೊಣಕಾಲಿನ ಎ.ಸಿ.ಎಲ್. ಹರಿಯಿತು. ಆ ಆರು ವರ್ಷದ ಪ್ರತಿ ಬೇಸಿಗೆಯಲ್ಲೂ ಅವನು ಇಂಥದ್ದೇ ಒಂದು ಅಂಚಿನಲ್ಲಿ ದುಡಿದಿದ್ದ. ಅಂಚಿನಲ್ಲಿ ಓಡುವವರನ್ನು ನೋಡುವಾಗ ನಮಗೆ ಈ ಕತೆ ನೆನಪಾಗುತ್ತೆ.

ಕೆಲಸ ಖಾತ್ರಿಯಿಲ್ಲದವನು

ಗುಂಪಿನಲ್ಲಿ ಒಬ್ಬಿಬ್ಬರು ಮುಖ ಪರಿಚಯ ಇಲ್ಲದವರು ಇದ್ದರೆ ಅವರನ್ನು ಗಮನಿಸಿ. ಅವರು ತಂಡದಲ್ಲಿ ಇಲ್ಲ! ಕ್ಲಬ್‌ನ ಪಟ್ಟಿಯಲ್ಲಿ ಜಾಗ ಖಾಲಿ ಉಳಿದಿದ್ದರೆ, ಹೊರಗಿನವರನ್ನು ಕರೆದು ಬೇಸಿಗೆಯಿಡೀ ತಮ್ಮ ಜೊತೆ ತರಬೇತಿ ಮಾಡಿಸಿ, ಇಷ್ಟವಾದರೆ ಸೀಸನ್ ಶುರುವಾಗುವ ಮೊದಲು ಸಹಿ ಹಾಕಿಸಿಕೊಳ್ಳಬಹುದು. 2019ರ ಸೀಸನ್ನಿಗೆ ಮುಂಚೆ ಈ ನಿಯಮ ಬಂತು. ಇಷ್ಟವಾಗದಿದ್ದರೆ ಥ್ಯಾಂಕ್ಸ್ ಹೇಳಿ ಕಳಿಸ್ತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಪ್ಲೇಸ್‌ಮೆಂಟ್‌ನ ಇಂಟರ್ವ್ಯೂ ಎರಡು ಮೂರು ತಿಂಗಳು ನಡೆದ ಹಾಗೆ. ಅದೂ ಬೇಲಿ ಸುತ್ತ ಜನ ನಿಂತು ನೋಡುತ್ತಿರುವಾಗ. ಇವನು ಚೆನ್ನಾಗಿ ಆಡಿದರೆ ಇನ್ನೊಬ್ಬನಿಗೆ ಜಾಗ ಇಲ್ಲ ಅನ್ನುವುದೂ ಎಲ್ಲರಿಗೂ ಗೊತ್ತಿರುತ್ತೆ.

ಒಲೆಗ್ ಮಾರ್ಕೊವ್‌ನ ಕತೆ ಕೇಳಿ. ಹುಟ್ಟಿದ್ದು ಬೆಲಾರಸ್‌ನಲ್ಲಿ. ಅಪ್ಪ ದಿಮಿತ್ರಿ ಮಾರ್ಕೊವ್, ಪೋಲ್ ವಾಲ್ಟ್‌ನಲ್ಲಿ ಆಸ್ಟ್ರೇಲಿಯಾ ಪರ 2001ರ ವಿಶ್ವ ಚಾಂಪಿಯನ್. ಒಲೆಗ್ ಮೊದಲು ರಿಚ್‌ಮಂಡ್‌ನಲ್ಲಿ, ಆಮೇಲೆ ಗೋಲ್ಡ್ ಕೋಸ್ಟ್‌ನಲ್ಲಿ ಆಡಿದ. 2022ರ ಕೊನೆಗೆ ಗೋಲ್ಡ್ ಕೋಸ್ಟ್ ಅವನನ್ನು ಕೈಬಿಟ್ಟಿತು. ಆ ಬೇಸಿಗೆಯಲ್ಲೂ ತರಬೇತಿ ಬಿಡಲಿಲ್ಲ. ಕೈಯಲ್ಲಿ ಒಪ್ಪಂದ ಇರಲಿಲ್ಲ. 2023ರ ಸೀಸನ್ನಿಗೆ ಸ್ವಲ್ಪ ಮೊದಲು ಕಾಲಿಂಗ್‌ವುಡ್ ಸಹಿ ಹಾಕಿಸಿಕೊಂಡಿತು. ಮೇಲೆ ಹೇಳಿದ 90-86ರ ಗ್ರ್ಯಾಂಡ್ ಫೈನಲ್‌ನಲ್ಲಿ ಲಕ್ಷ ಜನರ ಮುಂದೆ ಕಪ್ ಗೆದ್ದವರಲ್ಲಿ ಅವನೂ ಒಬ್ಬ.

ಹೀಗಾಗೋದು ಅಪರೂಪ. ಬೇಸಿಗೆಯಿಡೀ ಬೆವರು ಸುರಿಸಿ ಬರಿಗೈಯಲ್ಲಿ ಹೋದವರ ಹೆಸರು ಯಾರಿಗೂ ನೆನಪಿರೋದಿಲ್ಲ. ಅವರನ್ನು ನೋಡಿದವರು ಅಂತ ಇದ್ದರೆ ಬೇಲಿ ಪಕ್ಕದ ಜನ ಮಾತ್ರ.

ಯಾವುದನ್ನು ನಂಬಬೇಕು, ಯಾವುದನ್ನು ಬೇಡ

ಜನವರಿಯಲ್ಲಿ ಹದಿನೆಂಟೂ ತಂಡದ ಅಭಿಮಾನಿಗಳು ಈ ಸಲ ಕಪ್ ನಮ್ದೇ ಅಂತಾರೆ. ಈ ಮಾತು ನಮ್ಮ ಬೆಂಗಳೂರಿಗರಿಗೆ ಹೊಸದೇನಲ್ಲ. ಆ ಉತ್ಸಾಹ ತಪ್ಪಲ್ಲ. ಆದರೆ ತರಬೇತಿ ನೋಡಿ ತೀರ್ಮಾನಕ್ಕೆ ಬರುವಾಗ ನಾಲ್ಕು ವಿಷಯ ನೆನಪಿಡಬೇಕು.

ಒಂದು, ಎದುರಾಳಿ ಕೂಡ ನಮ್ಮವನೇ. ನಮ್ಮ ಫಾರ್ವರ್ಡ್ ಐದು ಗೋಲ್ ಹೊಡೆದ ಅಂತ ಕುಣಿದರೆ, ನಮ್ಮ ಡಿಫೆಂಡರ್ ಐದು ಗೋಲ್ ಬಿಟ್ಟುಕೊಟ್ಟ ಅಂತಲೂ ಅಳಬೇಕು. ಒಂದೇ ಘಟನೆ, ಎರಡು ಓದು.

ಎರಡು, ಅಭ್ಯಾಸದಲ್ಲಿ ಮಿಂಚಿ ಪಂದ್ಯದಲ್ಲಿ ಮಂಕಾಗುವವರು ಪ್ರತಿ ತಂಡದಲ್ಲೂ ಇರ್ತಾರೆ. ಢಿಕ್ಕಿಯ ಭಯ ಇಲ್ಲದಾಗ, ಯೋಚಿಸೋಕೆ ಅರ್ಧ ಸೆಕೆಂಡ್ ಜಾಸ್ತಿ ಸಿಕ್ಕಾಗ ಎಲ್ಲರ ಒದೆತವೂ ಚೆಂದ. ಅದಕ್ಕೇ ಶಂಕುಗಳ ನಡುವಿನ ಅಭ್ಯಾಸಕ್ಕಿಂತ ಫೆಬ್ರವರಿಯ ಒಳಪಂದ್ಯಗಳು ಹೆಚ್ಚು ಹೇಳುತ್ತವೆ.

ಮೂರು, ಒಂದು ದಿನದ ಓದು ಓದಲ್ಲ. ಲ್ಯಾಬಿನಲ್ಲಿ ಒಂದೇ ರೀಡಿಂಗ್ ತಗೊಂಡು ಗ್ರಾಫ್ ಎಳೆದರೆ ಮೇಷ್ಟ್ರು ಏನು ಮಾಡ್ತಾರೆ ಅಂತ ನಿಮಗೆ ಗೊತ್ತು. ಆರು ವಾರ ಸತತವಾಗಿ ಪೂರ್ತಿ ತರಬೇತಿ ಮುಗಿಸಿದವನು ಯಾರು, ನಿಲ್ಲಿಸಿ ನಿಲ್ಲಿಸಿ ಬಂದವನು ಯಾರು ಅನ್ನುವುದು ಒಂದು ದಿನದ ಅದ್ಭುತ ಗೋಲಿಗಿಂತ ದೊಡ್ಡ ಸೂಚನೆ.

ನಾಲ್ಕು, ಜಾಗ ನೋಡಿ. 2019ರಿಂದ ಮೈದಾನದ ನಡುವಿನಿಂದ ಆಟ ಶುರುವಾಗುವಾಗಲೆಲ್ಲ ಹಿಂದೆ ಆರು, ಮಧ್ಯೆ ಆರು, ಮುಂದೆ ಆರು ಜನ ಇರಲೇಬೇಕು ಅನ್ನುವ ನಿಯಮ ಇದೆ. ಅಭ್ಯಾಸದಲ್ಲಿ ಈ ವ್ಯೂಹ ನಿಲ್ಲಿಸಿದಾಗ, ಹೋದ ವರ್ಷ ಹಿಂದೆ ನಿಲ್ಲುತ್ತಿದ್ದವನು ಈಗ ಮಧ್ಯದಲ್ಲಿ ನಿಂತಿದ್ದರೆ ಕೋಚ್ ಮನಸ್ಸಿನಲ್ಲಿ ಏನೋ ಇದೆ ಅಂತರ್ಥ. ಕೋಚ್ ಪತ್ರಿಕೆಯವರಿಗೆ ಹೇಳದೇ ಇರಬಹುದಾದ್ದನ್ನು ಮೈದಾನ ಹೇಳಿಬಿಡುತ್ತೆ.

ಇದರ ಜೊತೆ ಇನ್ನೊಂದು ಮಾತು ಸೇರಿಸ್ತೇವೆ. ಬೇಲಿಯಿಂದ ಆಟಗಾರ ಹತ್ತಡಿ ದೂರದಲ್ಲಿರ್ತಾನೆ. ನಾವು ಆಡುವ ಮಾತು ಅವನಿಗೆ ಕೇಳಿಸುತ್ತೆ. ಹದಿನೆಂಟರ ಹುಡುಗ ಮೂರು ಸಲ ಚೆಂಡು ಬಿಟ್ಟಾಗ ನಗುವುದು ಸುಲಭ. ಆ ವಯಸ್ಸಿನಲ್ಲಿ ನಾವು ಫಸ್ಟ್ ಇಯರ್ ವೈವಾದಲ್ಲಿ ನಿಂತದ್ದನ್ನು ಯಾರೂ ಬೇಲಿ ಹಾಕಿ ನೋಡಲಿಲ್ಲ.

ಹೋಗುವವರಿಗೆ

ನಿಮ್ಮಲ್ಲಿ ಯಾರಾದರೂ ಓದೋಕೆ, ಕೆಲಸಕ್ಕೆ ಮೆಲ್ಬರ್ನ್‌ಗೆ ಬಂದರೆ ಪಂದ್ಯದ ಟಿಕೆಟ್‌ಗೆ ಮೊದಲು ಒಂದು ತರಬೇತಿ ನೋಡಿ. ಯಾವ ದಿನ ಸಾರ್ವಜನಿಕರಿಗೆ ಬಿಡ್ತಾರೆ ಅಂತ ಕ್ಲಬ್‌ಗಳೇ ಪ್ರಕಟಿಸುತ್ತವೆ. ಮೆಲ್ಬರ್ನ್‌ನ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ದಿನಗಳೂ ಇವೆ, ಅದಕ್ಕೇ ತರಬೇತಿ ಬೆಳಗ್ಗೆಯೇ ಶುರು. ಟೋಪಿ, ನೀರು, ಸನ್‌ಸ್ಕ್ರೀನ್ ಮರೀಬೇಡಿ. ಗೋಲ್ ಕಂಬದ ಹಿಂದೆ ನಿಂತರೆ ಒದೆತದ ಗೆರೆ ಚೆನ್ನಾಗಿ ಕಾಣುತ್ತೆ, ಆದರೆ ಚೆಂಡು ತಲೆಗೆ ಬಂದೀತು, ಜೋಕೆ. ತಂಡದ ರಚನೆ ನೋಡಬೇಕಾದರೆ ಮಧ್ಯದ ಎತ್ತರದ ಜಾಗ ಹುಡುಕಿ. ತರಬೇತಿಯ ಅಂಗಿಯಲ್ಲಿ ನಂಬರ್ ಕಾಣದಿದ್ದರೆ ಪಕ್ಕದಲ್ಲಿರುವ ಹಿರಿಯರನ್ನು ಕೇಳಿ. ಓಡುವ ಶೈಲಿ ನೋಡಿಯೇ ಹೆಸರು ಹೇಳ್ತಾರೆ. ಹೇಳ್ತಾ ಹೇಳ್ತಾ ನಲವತ್ತು ವರ್ಷದ ಹಿಂದಿನ ಆಟಗಾರರ ಕತೆಯನ್ನೂ ಹೇಳ್ತಾರೆ. ಹೊಸ ಊರಿನಲ್ಲಿ ಯಾರ ಪರಿಚಯವೂ ಇಲ್ಲದ ವಿದ್ಯಾರ್ಥಿಗೆ ಇದು ಖರ್ಚಿಲ್ಲದೆ ಸಿಗುವ ಒಳ್ಳೆಯ ಸಂಗ.

ಮೊದಲ ಸಲ ಹೋದಾಗ ಒಬ್ಬನನ್ನು ಮಾತ್ರ ಆರಿಸಿಕೊಳ್ಳಿ. ಸ್ಟಾರ್ ಬೇಡ. ಅಂಚಿನಲ್ಲಿ ಓಡುವವನನ್ನೋ, ಒಪ್ಪಂದ ಇಲ್ಲದವನನ್ನೋ ಆರಿಸಿ, ಫೆಬ್ರವರಿವರೆಗೆ ಅವನನ್ನೇ ಗಮನಿಸಿ. ಮಾರ್ಚ್‌ನ ಮೊದಲ ಪಂದ್ಯದ ತಂಡ ಪ್ರಕಟವಾದಾಗ ಪಟ್ಟಿಯಲ್ಲಿ ನೀವು ಮೊದಲು ಹುಡುಕೋದು ಅವನ ಹೆಸರನ್ನೇ.